ಸಬ್ಬಸಿಗೆಗೆ ನಾಲ್ಕು ಹೊತ್ತು ನೀರು

ಸಬ್ಬಸಿಗೆಯಷ್ಟು ಬೇಗ ಕೈಕೊಡುವ ಪಲ್ಲೆ ಇನ್ನೊಂದಿಲ್ಲ. ಬೆಳಿಗ್ಗೆ ಸಂತೆಯಿಂದ ತಂದದ್ದು ಸಂಜೆಗೆ ಜೋತು ಬೀಳುತ್ತದೆ, ಮರುದಿನ ಹಳದಿ, ಮೂರನೆಯ ದಿನ ವಾಸನೆ. ಅಂಥದ್ದನ್ನು ಏಪ್ರಿಲ್ ಬಿಸಿಲಿನಲ್ಲಿ ಒಂದು ಸಂತೆಯಿಂದ ಇನ್ನೊಂದು ಸಂತೆಯವರೆಗೆ ಹಸಿರಾಗಿ ಇಡಬೇಕು, ಅದೂ ಫ್ರಿಜ್ ಮುಟ್ಟದೆ. ಎರಡು ವರ್ಷದ ಹಿಂದೆ ನನ್ನ ಪಾಲಿಗೆ ಬಂದ ಕೆಲಸ ಇದು. ಈಗಲೂ ಸಂತೆಯಲ್ಲಿ ಆ ಕಟ್ಟು ಕಂಡರೆ ದಾಟಿ ಮುಂದೆ ಹೋಗುತ್ತೇನೆ.

ಮಗಳು ಚೊಚ್ಚಲ ಬಾಣಂತನಕ್ಕೆ ಕುಬಿಹಾಳದ ನಮ್ಮ ಮನೆಗೆ ಬಂದಿದ್ದಳು. ಹೆರಿಗೆ ಹುಬ್ಬಳ್ಳಿಯ ದವಾಖಾನೆಯಲ್ಲಿ ಆಯಿತು. ನಾಲ್ಕನೆಯ ದಿನಕ್ಕೆ ಹೆಣ್ಣುಕೂಸನ್ನು ಎತ್ತಿಕೊಂಡು ನಮ್ಮ ಒಳಕೋಣೆ ಸೇರಿದಳು. ನನ್ನ ಅತ್ತೆ ಎಂಬತ್ತು ದಾಟಿದವರು. ಆ ಕೋಣೆಯ ಬಾಗಿಲಿಗೇ ತಮ್ಮ ಹೊರಸು ಹಾಕಿಸಿಕೊಂಡು, ಹಣೆತುಂಬ ವಿಭೂತಿ ಹಚ್ಚಿಕೊಂಡು ಕೂತರು. ಒಳಗೆ ಏನು ಹೋಗಬೇಕು, ಏನು ಹೋಗಬಾರದು, ಎಲ್ಲ ಅವರ ಕಣ್ಣೆದುರೇ. ಮೊದಲ ದಿನವೇ ಎರಡು ಮಾತು ಹೇಳಿ ಮುಗಿಸಿದರು.

"ದಿನಾ ಎರಡೂ ಹೊತ್ತು ಸಬ್ಬಸಿಗಿ ಪಲ್ಲೆ ಆಗ್ಬೇಕು. ಹಾಲು ಬರೂದು ಅದರಿಂದನ. ಮತ್ತ ಆ ಫ್ರಿಜ್ಜಿನಾಗಿಂದು ಒಂದು ಎಸಳೂ ಬಾಣಂತಿ ಬಾಯಾಗ ಹೋಗಬಾರದು. ಥಂಡಿ ಹೊಕ್ಕಿತಂದ್ರ ಜಲಮ ಪೂರ್ತಿ ಬಿಡೂದಿಲ್ಲ."

ಮೂರನೆಯದನ್ನು ಹೇಳುವ ಅಗತ್ಯವೇ ಇರಲಿಲ್ಲ, ನಮ್ಮ ಕಡೆ ಎಲ್ಲರಿಗೂ ಗೊತ್ತಿದ್ದದ್ದೇ. ಬಾಣಂತಿಗೆ ನೀರು ಅಳತೆಯದು. ಬೆಳಿಗ್ಗೆ ಒಂದು ಬಟ್ಟಲು ಅಜವಾನದ ನೀರು, ಸಂಜೆ ಒಂದು ಬಟ್ಟಲು. ಹೆಚ್ಚು ಕುಡಿದರೆ ಹೊಟ್ಟೆ ಇಳಿಯುವುದಿಲ್ಲ, ಮೈಯಲ್ಲಿ ನೀರು ಕೂಡುತ್ತದೆ ಅನ್ನುತ್ತಾರೆ. ನಾನು ಅದರ ಗೊಡವೆಗೇ ಹೋಗಲಿಲ್ಲ. ನನ್ನ ತಲೆಯ ತುಂಬ ಸಬ್ಬಸಿಗೆ.

ಕಾಯಿಪಲ್ಲೆ ಜೋಪಾನ ಮಾಡುವುದು ನನಗೇನು ಹೊಸದಲ್ಲ. ಈ ಮನೆಗೆ ಬಂದಾಗಿನಿಂದ ಅದನ್ನೇ ಮಾಡಿದ್ದೇನೆ. ಉಳ್ಳಾಗಡ್ಡಿ ಗಾಳಿಯಾಡುವ ಪಡಸಾಲೆಯಲ್ಲಿ, ಆಲೂಗಡ್ಡೆ ಅದರಿಂದ ದೂರ ಕತ್ತಲಲ್ಲಿ, ಒಂದರ ಬಾಜೂ ಒಂದು ಇಟ್ಟರೆ ಎರಡೂ ಕೆಡುತ್ತವೆ. ಹಸಿಮೆಣಸಿನಕಾಯಿಯ ತೊಟ್ಟು ಕಿತ್ತು ಹಾಳೆಯಲ್ಲಿ ಸುತ್ತಬೇಕು, ನಿಂಬೆಹಣ್ಣನ್ನು ಹಸಿ ಉಸುಕಿನಲ್ಲಿ ಹೂಳಬೇಕು. ಫ್ರಿಜ್ ಬಂದ ಮೇಲೆ ಇದೆಲ್ಲ ತಪ್ಪಿತು ಅಂದುಕೊಂಡಿದ್ದೆ. ಎಲ್ಲಿ ತಪ್ಪಿತು! ಫ್ರಿಜ್ ಅಡುಗೆಮನೆಯಲ್ಲಿ ಗುಂಯ್ ಅನ್ನುತ್ತ ನಿಂತಿತ್ತು. ನನ್ನ ಗಂಡ ಹೊಲದಿಂದ ಬಂದವರೇ ಅದರ ಬಾಗಿಲು ತೆಗೆದು ಬಾಟಲಿ ಎತ್ತಿ ಗಟಗಟ ಕುಡಿಯುತ್ತಿದ್ದರು. ನಾನು ನೆಲಕ್ಕೆ ಕೂತು ಸಬ್ಬಸಿಗೆ ಆರಿಸುತ್ತಿದ್ದೆ.

ಉಪಾಯ ಹೇಳಿಕೊಟ್ಟವಳು ಗುಡಗೇರಿ ಸಂತೆಯಲ್ಲಿ ಪಲ್ಲೆ ಮಾರುವ ಮುದುಕಿ. ನಾವೆಲ್ಲ ಅವಳಿಗೆ ಚಾಚಿ ಅನ್ನುತ್ತೇವೆ. ಒಮ್ಮೆಗೇ ಅಷ್ಟೊಂದು ಕಟ್ಟು ಕೇಳಿದಾಗಲೇ ಅವಳಿಗೆ ತಿಳಿಯಿತು.

"ಮನ್ಯಾಗ ಬಾಣಂತಿ ಅದಾಳೇನು? ಹಂಗಾರ ಕೇಳು ಬೇಟಿ. ತೊಳೀಬ್ಯಾಡ, ತೊಳದ್ರ ಕೊಳೀತೈತಿ. ಬೇರು ಹರೀಬ್ಯಾಡ. ಬೇರಿಗಷ್ಟ ಹಸಿ, ಎಲಿಗೆ ಗಾಳಿ. ಅಗದಿ ಕೂಸಿನಗತೆ ನೋಡ್ಕೋಬೇಕು ಅದನ್ನ." ಹಾಗಂದು ಒಂದು ಕಟ್ಟು ಹೆಚ್ಚಿಗೆ ಹಾಕಿದಳು.

ಅವಳು ಹೇಳಿದ ಹಾಗೆ ಅಟ್ಟದ ಮೇಲಿನ ಹಳೆಯ ಮಣ್ಣಿನ ಹರವಿ ಇಳಿಸಿದೆ. ಬಾಯಿ ಒಡೆದು ಅಗಲವಾಗಿತ್ತು, ಅದೇ ಬೇಕಾಗಿದ್ದದ್ದು. ತಳಕ್ಕೆ ಉಸುಕು ತುಂಬಿ, ನೀರು ಹನಿಸಿ, ಬೇರು ಕೆಳಗಾಗಿ ಸಬ್ಬಸಿಗೆ ನಿಲ್ಲಿಸಿ, ಹರವಿಯ ಹೊರಗೆ ಒದ್ದೆ ಅರಿವೆ ಸುತ್ತಿದೆ. ಮನೆಯಲ್ಲಿ ಎಲ್ಲಕ್ಕಿಂತ ತಂಪಾದ ಜಾಗ ಒಳಕೋಣೆಯ ಮೂಲೆ. ಹಾಗಾಗಿ ಹರವಿ ಮಗಳ ಮಂಚದ ಎದುರಿಗೇ ಕೂತಿತು. ಬೆಳಗಾಗುತ್ತಲೇ ಒಮ್ಮೆ, ರೊಟ್ಟಿ ಬಡಿದು ಮುಗಿದ ಮೇಲೆ ಒಮ್ಮೆ, ಮಧ್ಯಾಹ್ನ ಒಮ್ಮೆ, ದೀಪ ಹಚ್ಚುವಾಗ ಒಮ್ಮೆ, ತಂಬಿಗೆ ಹಿಡಿದು ಹೋಗಿ ಉಸುಕಿಗೂ ಅರಿವೆಗೂ ನೀರು ಹಾಕುತ್ತಿದ್ದೆ. ಸೊಪ್ಪು ನಾಲ್ಕನೆಯ ದಿನಕ್ಕೂ ತಲೆ ಎತ್ತಿ ನಿಂತಿತ್ತು. ನಿಜ ಹೇಳುತ್ತೇನೆ, ಬೀಗಿದೆ.

ಆದರೆ ಹಾಲು ಬರಲಿಲ್ಲ. ಕೂಸು ಎದೆಗೆ ಬಾಯಿ ಹಾಕುವುದು, ಸ್ವಲ್ಪ ಹೊತ್ತು ಚೀಪುವುದು, ಬಿಟ್ಟು ಕಿರುಚುವುದು. ಹಗಲೆಲ್ಲ ಇದೇ. ಅತ್ತೆ ಒಂದು ಎಸಳು ತರಿಸಿಕೊಂಡು ಮೂಗಿಗೆ ಹಿಡಿದು ನೋಡಿ, "ಬಾಡೇತಿ. ಬಾಡಿದ್ದು ತಿಂದ್ರ ಹಾಲು ಹ್ಯಾಂಗ ಬಂದೀತು?" ಅಂದರು. ನನಗೆ ಮೈಯೆಲ್ಲ ಉರಿಯಿತು. ಬಾಡಿರಲಿಲ್ಲ. ನಾಲ್ಕು ಹೊತ್ತು ಮೊಣಕಾಲೂರಿ ಕೂತವಳು ನಾನು, ನನಗೆ ಗೊತ್ತಿಲ್ಲವೇ? ಆದರೂ ಬಾಯಿ ಮುಚ್ಚಿಕೊಂಡು ಮರುದಿನ ಗಂಡನನ್ನು ಗಾಡಿಯ ಮೇಲೆ ಕುಂದಗೋಳಕ್ಕೆ ಅಟ್ಟಿ ತಾಜಾ ಸೊಪ್ಪು ತರಿಸಿದೆ. ಅವರು ಗೊಣಗುತ್ತಲೇ ಹೋಗಿ ಬಂದರು.

ಕೂಸು ಮನೆಗೆ ಬಂದು ಹತ್ತು ದಿನವಾದಾಗ ನರ್ಸಬಾಯಿ ತೂಕದ ಯಂತ್ರ ಹಿಡಿದು ಬಂದಳು. ಕೂಸನ್ನು ಮಲಗಿಸಿ ನೋಡಿದಳು, ಇನ್ನೊಮ್ಮೆ ನೋಡಿದಳು.

"ತೂಕ ಏರಿಲ್ಲರಿ, ಇಳದೈತಿ. ಮುಂದಿನ ವಾರನೂ ಹಿಂಗ ಇದ್ರ ಕೂಸಿನ್ನ ದವಾಖಾನ್ಯಾಗ ಇಟಗೋಬೇಕಾಗತೈತಿ." ಆಮೇಲೆ ಬರೆಯುತ್ತ ಬರೆಯುತ್ತ ಕೇಳಿದಳು. "ತಾಯಿ ನೀರು ಚಲೋ ಕುಡೀತಾಳೇನ್ರಿ?"

"ಕುಡೀತಾಳ ಬಿಡ್ರಿ," ಅಂದರು ಅತ್ತೆ ಹೊರಸಿನಿಂದಲೇ.

ನಾನೂ ತಲೆ ಆಡಿಸಿದೆ. ಕೊಡುವಷ್ಟು ಕೊಡುತ್ತಿದ್ದೆವಲ್ಲ. ಮಗಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ನರ್ಸಬಾಯಿ ಹೋದ ಮೇಲೆ ನನಗೆ ಹೊಳೆದದ್ದು ಒಂದೇ: ಸಬ್ಬಸಿಗೆ ಇನ್ನೂ ತಾಜಾ ಇರಬೇಕು. ಹರವಿಗೆ ಎರಡನೆಯ ಅರಿವೆ ಸುತ್ತಿದೆ. ಪಲ್ಲೆಯನ್ನು ಎರಡು ಹೊತ್ತಿನ ಬದಲು ಮೂರು ಹೊತ್ತು ಮಾಡಿದೆ. ಮಗಳು ಒಂದೊಂದು ತುತ್ತನ್ನೂ ಬಾಯಲ್ಲಿ ತಿರುಗಿಸಿ ತಿರುಗಿಸಿ ನುಂಗುತ್ತಿದ್ದಳು. ಸೊಕ್ಕು ಇವಳಿಗೆ ಅಂದುಕೊಂಡೆ. ಅವಳ ತುಟಿ ಒಡೆದದ್ದನ್ನು ನೋಡಿಯೂ ಬೇಸಿಗೆಯಲ್ಲವೇ ಅಂದುಕೊಂಡೆ. ಅಷ್ಟು ದಣಿದಿದ್ದೆ, ಕಣ್ಣಿದ್ದೂ ಕಾಣುತ್ತಿರಲಿಲ್ಲ.

ಅದಾಗಿ ಎರಡು ದಿನ. ಮಧ್ಯಾಹ್ನದ ಸರದಿಯ ನೀರು ಹಾಕಲು ತಂಬಿಗೆ ತುಂಬಿಕೊಂಡು ಒಳಗೆ ಹೋದೆ. ಅತ್ತೆಗೆ ಜೊಂಪು ಹತ್ತಿತ್ತು. ಕೂಸು ಅತ್ತು ಅತ್ತು ಸೋತು ಮಲಗಿತ್ತು. ಹರವಿಯ ಮುಂದೆ ಕೂತು ಉಸುಕಿಗೆ ನೀರು ಹನಿಸತೊಡಗಿದೆ. ಹಿಂದಿನಿಂದ ಮಗಳ ದನಿ ಬಂತು.

"ಅವ್ವಾ, ಅದಕ್ಕ ದಿನಕ್ಕ ಎಷ್ಟು ಸಲ ನೀರು ಹಾಕ್ತಿ?"

"ನಾಕು ಸಲ. ಯಾಕ?"

"ನನಗ ಎರಡು ಬಟ್ಟಲಾ." ತುಟಿ ಸವರಿಕೊಂಡು ಮತ್ತೆ ಅಂದಳು. "ಬಾಯಿ ಒಣಗಿ ಕಟ್ಟಿಗಿ ಆಗೇತಿ ಬೇ. ನುಂಗಾಕ ಆಗವಲ್ದು. ಒಂದಕ್ಕ ಹೋದ್ರ ಉರೀತೈತಿ. ಆ ಪಲ್ಲೆಕ್ಕ ಹಾಕೂದ್ರಾಗ ಒಂದೀಟು ನನಗೂ ಕೊಡು."

ಸಿಟ್ಟಿನಿಂದ ಅಂದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೇಡಿ ಕೇಳಿದಳು. ಹೆತ್ತ ತಾಯಿಯ ಹತ್ತಿರ, ಕುಡಿಯುವ ನೀರು.

ತಂಬಿಗೆ ಕೈಯಲ್ಲೇ ಉಳಿಯಿತು. ಎಷ್ಟೋ ವರ್ಷದಿಂದ ನೆನಪಾಗದೆ ಇದ್ದದ್ದು ಆಗ ನೆನಪಾಯಿತು. ಇದೇ ಮಗಳನ್ನು ಹೆತ್ತು ದೇವಿಕೊಪ್ಪದ ತವರಿನಲ್ಲಿದ್ದಾಗ, ಬಚ್ಚಲಲ್ಲಿ ನೀರೆರೆಯುವ ಹೊತ್ತಿನಲ್ಲಿ ನನ್ನವ್ವ ಸೀಗೆಪುಡಿ ತರಲು ಆಚೆ ಹೋದರೆ ಸಾಕು, ಹಂಡೆಯ ನೀರನ್ನು ಬೊಗಸೆಯಲ್ಲಿ ಮೊಗೆದು ಕದ್ದು ಕುಡಿಯುತ್ತಿದ್ದೆ. ಹೊಗೆ ವಾಸನೆಯ ಬಿಸಿನೀರು. ನಾಲಿಗೆ ಸುಟ್ಟರೂ ಬಿಡುತ್ತಿರಲಿಲ್ಲ. ಆ ನೀರಡಿಕೆಯನ್ನು ನಾನು ಹೇಗೆ ಮರೆತೆ? ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಅಡುಗೆಮನೆಗೆ ಹೋಗಿ ಕಾಯಿಸಿ ಆರಿಸಿಟ್ಟ ನೀರು ತಂದು ಕೊಟ್ಟೆ. ಎರಡೂ ಕೈಯಲ್ಲಿ ತಂಬಿಗೆ ಹಿಡಿದು, ಉಸಿರೂ ಬಿಡದೆ ಕುಡಿದಳು. ಕೊರಳಿಗೆ, ಎದೆಗೆ ನೀರು ಇಳಿಯಿತು. ಒರೆಸಿಕೊಳ್ಳಲಿಲ್ಲ.

"ಏನು ಕುಡ್ಯಾಕತ್ತಾಳ ಆಕಿ?" ಬಾಗಿಲಿನಿಂದ ಅತ್ತೆಯ ದನಿ. ಎಚ್ಚರಾಗಿದ್ದರು.

"ನೀರ್ರಿ," ಅಂದೆ. ಜಗಳಕ್ಕೆ ತಯಾರಾಗಿಯೇ ಅಂದೆ. "ತಂಬಿಗಿ ತುಂಬ ಕೊಟ್ಟೀನ್ರಿ."

ಅತ್ತೆ ಜಗಳ ಆಡಲಿಲ್ಲ. ಮಗಳ ಕೈಯಲ್ಲಿದ್ದ ಖಾಲಿ ತಂಬಿಗೆಯನ್ನು ಬಹಳ ಹೊತ್ತು ನೋಡಿದರು.

"ನಾ ಬಚ್ಚಲದಾಗ ಹಂಡೇದ ನೀರು ಕುಡೀತಿದ್ದೆ," ಅಂದರು. "ಮೂರೂ ಬಾಣಂತನದಾಗ. ಇವತ್ತಿನ ತನಕ ಯಾರ ಮುಂದೂ ಅಂದಿಲ್ಲ."

ನನಗೆ ತಡೆಯಲಾಗಲಿಲ್ಲ. "ಮತ್ತ ಇಷ್ಟು ದಿನ ಯಾಕ ಸುಮ್ಮನಿದ್ರಿ?"

ಅತ್ತೆ ನನ್ನ ಮುಖವನ್ನೇ ನೋಡಿದರು. "ನೀ ಯಾಕ ಸುಮ್ಮನಿದ್ದಿ?"

ಇನ್ನೊಂದು ತಂಬಿಗೆ ತರಲು ಎದ್ದೆ.

ಸಂಜೆಯ ಸರದಿ ಮರೆತೇ ಹೋಯಿತು. ಮರುದಿನ ಸಬ್ಬಸಿಗೆ ಹರವಿಯ ಅಂಚಿಗೆ ಜೋತು ಬಿದ್ದಿತ್ತು. ಎಮ್ಮೆಗೆ ಹಾಕಿದೆ. ಮುಂದಿನ ವಾರ ನರ್ಸಬಾಯಿ ಬಂದು ಕೂಸನ್ನು ತೂಗಿದಳು. ಭಾಳ ಅಲ್ಲ, ಸ್ವಲ್ಪ ಏರಿತ್ತು. ದವಾಖಾನೆ ಬೇಡ ಅಂದಳು. ಹೋಗುವಾಗ ರೂಢಿಯಂತೆ ಮತ್ತೆ ಅದನ್ನೇ ಕೇಳಿದಳು, ತಾಯಿ ನೀರು ಚಲೋ ಕುಡಿಯುತ್ತಾಳೇನು ಅಂತ.

ನಾನು ಬಾಯಿ ತೆಗೆಯುವ ಮೊದಲೇ ಅತ್ತೆ ಅಂದರು: "ಈಗ ಕುಡೀತಾಳ್ರಿ. ಮದ್ಲ ನಾವ ಕೊಟ್ಟಿದ್ದಿಲ್ಲ."