ಎರಡು ಚುಕ್ಕೆ, ಮೂರು ಚುಕ್ಕೆ

ನನ್ನ ನಾದಿನಿಗೆ ಎಲ್ಲರೂ ಭೂತಗನ್ನಡಿ ಅನ್ನುತ್ತಿದ್ದರು. ಮಬ್ಬುಗತ್ತಲಲ್ಲೂ ಸೂಜಿಗೆ ದಾರ ಪೋಣಿಸುವವಳು. ಚಿಟ್ಟೆ ತೋಟದಲ್ಲಿ ಅವಳು ಗಿಡಕ್ಕೆ ನೀರು ಹಾಕುತ್ತಿದ್ದಳು, ನಾನು ಕಸ ಗುಡಿಸುತ್ತಿದ್ದೆ. ನಮ್ಮ ಯಜಮಾನರು ತೀರಿಕೊಂಡ ಮೇಲೆ ನನಗೆ ಆ ಕೆಲಸ ಕೊಡಿಸಿದವಳೂ ಅವಳೇ.

ತೋಟದ ತುಂಬ ಕಪ್ಪು ಅಂಚಿನ ಪುಟ್ಟ ಹಳದಿ ಚಿಟ್ಟೆಗಳು. ಎಲ್ಲವೂ ಒಂದೇ ಜಾತಿ ಅಂತ ತೋಟದ ಮೇಲಧಿಕಾರಿ ಸಾಹೇಬ ಬೋರ್ಡು ಬರೆಸಿದ್ದ. ಇವಳು ಒಪ್ಪಲಿಲ್ಲ.

"ಎರಡು ಜಾತಿ, ಅತ್ತಿಗೆ. ಅಕ್ಕತಂಗಿಯರ ಹಾಗೆ. ಅಕ್ಕ ಎಲೆಗೊಂದು ಮೊಟ್ಟೆ ಇಟ್ಟು ಹೋಗ್ತಾಳೆ, ತಂಗಿ ಒಂದೇ ಕಡೆ ರಾಶಿ ಹಾಕ್ತಾಳೆ. ಅಕ್ಕನ ಮರಿಗೆ ಹಸಿರು ತಲೆ, ತಂಗಿ ಮರಿಗೆ ಕರೀ ತಲೆ. ರೆಕ್ಕೆ ಮಡಚಿ ಕೂತಾಗ ಅಡಿಭಾಗ ನೋಡಿ. ಬುಡದ ಹತ್ತಿರ ಅಕ್ಕನಿಗೆ ಎರಡು ಚುಕ್ಕೆ, ತಂಗಿಗೆ ಮೂರು."

ನನ್ನ ಕಣ್ಣಿಗೆ ಎಲ್ಲವೂ ಹಳದಿಯೇ. ನನ್ನ ತಲೆ ಹಿಡಿದು ಬಗ್ಗಿಸಿ ತೋರಿಸಿದಳು. ಎಣಿಸಿದೆ. ಮೂರಿತ್ತು.

ಒಂದು ಬೆಳಿಗ್ಗೆ ಗೇಟಿನ ಪಕ್ಕದ ಮರದ ತುಂಬ ಕರಿತಲೆ ಹುಳಗಳು, ಗುಂಪುಗುಂಪಾಗಿ. "ಕೀಟ ಹತ್ತಿದೆ, ಔಷಧಿ ಹೊಡೀರಿ" ಅಂದ ಸಾಹೇಬ.

"ಸಾರ್, ಅವು ಚಿಟ್ಟೆ ಮರಿ!" ಅಂದಳು ಇವಳು.

"ನಮ್ಮ ಹಳದಿ ಚಿಟ್ಟೆ ಗುಂಪಲ್ಲಿ ಮೊಟ್ಟೆ ಇಡಲ್ಲ. ಪುಸ್ತಕದಲ್ಲಿದೆ. ನೀನು ಪೈಪು ನೋಡ್ಕೊ."

"ಅದು ಅಕ್ಕ ಸಾರ್, ಇದು ತಂಗಿ. ಗಾಜಿನ ಪೆಟ್ಟಿಗೇಲಿರೋದನ್ನ ಒಮ್ಮೆ ಮಗುಚಿ ನೋಡಿ."

ಆಫೀಸಿನ ಗೋಡೆಗೆ ತೂಗುಹಾಕಿದ್ದ ಆ ಪೆಟ್ಟಿಗೆಯಲ್ಲಿ ನಲವತ್ತು ಸತ್ತ ಚಿಟ್ಟೆಗಳಿಗೂ ಬೆನ್ನು ಮೇಲಾಗಿಸಿ ಸೂಜಿ ಚುಚ್ಚಿದ್ದ ಪುಣ್ಯಾತ್ಮ. ಗುರುತೆಲ್ಲ ಅಡಿಯಲ್ಲಿ! ಅಷ್ಟು ಓದಿದ ತಲೆಗೆ ಅಷ್ಟೂ ಹೊಳೆಯಲಿಲ್ಲ. ಮಾತು ಮುಗಿಯಿತೆಂದು ಆಫೀಸಿಗೆ ಹೊರಟೇ ಹೋದ.

ಔಷಧಿಯವನು ಪಂಪು ಬೆನ್ನಿಗೇರಿಸಿದ. ಇವಳು ಮರಕ್ಕೆ ಅಡ್ಡ ನಿಂತಳು. "ಪಕ್ಕಕ್ಕೆ ಬಾ ತಾಯಿ, ನನ್ನದೂ ಹೊಟ್ಟೆಪಾಡು" ಅಂದವನು ಆಚೆ ಕಡೆಯಿಂದ ಶುರು ಮಾಡಿದ.

ನಾನು ಪೊರಕೆ ಬಿಸಾಕಿ ಆಫೀಸಿಗೆ ನುಗ್ಗಿದೆ. ಗೋಡೆಯಿಂದ ಪೆಟ್ಟಿಗೆಯನ್ನು ಇಳಿಸಿ ಅವನ ಮೇಜಿನ ಮೇಲೆ ಕುಕ್ಕಿದೆ. "ಮಗುಚಿ ನೋಡ್ತೀರೋ, ನಾನೇ ಒಡೀಲೋ?"

ಹೆದರಿ ಮುಚ್ಚಳ ತೆಗೆದು ಒಂದನ್ನು ಮಗುಚಿ ಚುಕ್ಕೆ ಎಣಿಸಿದ. ಎರಡು. ಇನ್ನೊಂದು. ಅದಕ್ಕೂ ಎರಡು. ಐದನೆಯದಕ್ಕೆ ಮೂರು. "ನಿಲ್ಲಿಸೋ, ನಿಲ್ಲಿಸೋ!" ಅಂತ ಓಡಿದ. ಅಷ್ಟರಲ್ಲಿ ಅರ್ಧ ಮರ ತೊಯ್ದಿತ್ತು.

ಆ ಮನುಷ್ಯ ಇವಳ ಕಡೆ ತಿರುಗಿ ಏನಂದ ಗೊತ್ತೇ? "ಇದನ್ನ ಮೊದಲೇ ಸರಿಯಾಗಿ ಹೇಳೋಕೇನಾಗಿತ್ತು ನಿನಗೆ?"

ನನಗೆ ಮೈಯೆಲ್ಲ ಉರಿದುಹೋಯಿತು. ಬಾಯಿಗೆ ಬಂದಂತೆ ಬೈಯತೊಡಗಿದೆ. ಇವಳು ಆಗಲೇ ಪೈಪು ಎಳೆದು ತಂದು ಎಲೆ ಎಲೆ ತೊಳೆಯುತ್ತಿದ್ದಳು. ಕೆಲವು ಹುಳ ಹೊರಳುತ್ತಿದ್ದವು, ಕೆಲವು ಇಲ್ಲ.

"ಬೈಗುಳ ಆಮೇಲೆ, ಅತ್ತಿಗೆ. ಆ ಕೊಂಬೆ ಬಗ್ಗಿಸಿ ಹಿಡೀರಿ."

ಹಿಡಿದೆ. ಬೈಯುವುದನ್ನು ಮಾತ್ರ ಬಿಡಲಿಲ್ಲ.