ಶಟರ್ ಕೆಳಗೆ ರಂಗೋಲಿ

ಸಾಫ್ಟ್‌ವೇರ್ ಕೆಲಸದವರೆಲ್ಲ ಕಾರು ಕೊಳ್ಳುತ್ತಿದ್ದ ಕಾಲ. ಕೂಕಟ್‌ಪಲ್ಲಿಯ ನಮ್ಮನೆ ಮುಂದೆಯೂ ಕಾರು ಬಂತು, ಅದನ್ನು ನಿಲ್ಲಿಸುವ ಮುಂಬಾಗಿಲಿಗೆ ರೋಲಿಂಗ್ ಶಟರ್ ಬಂತು. ಅದರ ಸ್ಪ್ರಿಂಗ್ ಸಡಿಲವಾಗಿ, ಕೈಬಿಟ್ಟರೆ ಧಡ್ಡೆಂದು ಬೀಳುತ್ತಿತ್ತು. ರಿಪೇರಿಯವನು ಬಂದದ್ದು ಶುಕ್ರವಾರ ಸಂಜೆ. ಶಟರ್ ಎತ್ತಿ, ಎರಡೂ ಬದಿ ಕಬ್ಬಿಣದ ಪೈಪು ಆನಿಸಿ, ಕೆಳಗೆ ಯಾರೂ ನಿಲ್ಲಬಾರದೆಂದು ಹೇಳಿ ಏಣಿ ಹತ್ತಿದ. ತಿರುಗಿ ನೋಡಿದರೆ ನಮ್ಮತ್ತೆ ರಂಗೋಲಿ ಡಬ್ಬಿ ಹಿಡಿದು ಅಲ್ಲೇ ಕೂತು, ಅಡ್ಡಬಂದ ಪೈಪನ್ನು ಸರಿಸುತ್ತಿದ್ದಾರೆ!

"ಅತ್ತಿ, ಪೈಪ್ ಬಿಡ್ರಿ! ತಲಿ ಮ್ಯಾಲ ಬೀಳ್ತೈತಿ!"

"ದೀಪ ಹಚ್ಚೋ ಹೊತ್ತಾತು. ಲಕ್ಷ್ಮಿ ಬರೋ ಬಾಗಲಾಗ ಕಬ್ಬಿಣ ನಿಂದ್ರಸ್ತಾರೇನು?"

"ಲಕ್ಷ್ಮಿ ಇವತ್ತ ಹಿತ್ತಲ ಬಾಗಲಿಂದ ಬರ್ಲಿ. ನೀವು ಮೊದಲ ಏಳ್ರಿ!"

ರಟ್ಟೆ ಹಿಡಿದು ಎಳೆದು ಒಳಗೆ ಕೂರಿಸಿದೆ. ಕೆಲಸ ಮುಗಿಯುವವರೆಗೂ ಬಾಗಿಲಲ್ಲಿ ನನ್ನದೇ ಕಾವಲು. ಅವರೋ, ಸೊಸೆ ಲಕ್ಷ್ಮಿಯನ್ನೇ ಹೊರಗೆ ನಿಲ್ಲಿಸಿದಳೆಂದು ತಂಗಿಗೆ ಫೋನಿನಲ್ಲಿ ದೂರು ಹೇಳುತ್ತಿದ್ದರು.