ತಾತನ ವಾಚಿನೊಳಗೆ ಏನಿತ್ತು

ಇವತ್ತು ಶಿರಾದ ಹಳೇ ಕಾಂಪ್ಲೆಕ್ಸಿನಲ್ಲಿ ಅತ್ತರಿನ ವಾಸನೆ ಮೂಗಿಗೆ ಬಡಿದು ಬರಗೂರಿನ ಅಜ್ಜಿ ನೆನಪಾದಳು.

ತಾತ ತೀರಿಕೊಂಡ ಮೇಲೆ ಅವರ ವಾಚನ್ನು ಸೆರಗಿನಲ್ಲಿ ಕಟ್ಟಿಕೊಂಡು, ನನ್ನನ್ನೂ ಕರೆದುಕೊಂಡು ಅವಳು ಇಲ್ಲಿಗೆ ಬಂದಿದ್ದಳು. ಅತ್ತರಿನಂಗಡಿಯ ಪಕ್ಕದಲ್ಲೇ ವಾಚ್ ರಿಪೇರಿಯ ಸಾಬರು ಕೂರುತ್ತಿದ್ದರು.

"ರಿಪೇರಿನಾ ಅಮ್ಮಾ?" ಎಂದರು.

"ಬ್ಯಾಡ ಸಾಬ್ರೇ. ನಮ್ಮನೆಯೋರು ಇದನ್ನ ಯಾರಿಗೂ ಮುಟ್ಟೋಕೆ ಬುಡ್ತಿರ್ಲಿಲ್ಲ. ಒಳಗೇನೈತೆ ಅಂತ ಒಂದ್ಸಲ ನೋಡ್ಬೇಕು."

ಸಾಬರು ನಗಲಿಲ್ಲ. ಮುಚ್ಚಳ ಬಿಚ್ಚಿ, ತಮ್ಮ ಭೂತಗನ್ನಡಿಯನ್ನೂ ಕೊಟ್ಟರು. ಅಜ್ಜಿ ಅದನ್ನು ಕಣ್ಣಿಗೆ ಹಿಡಿದು ನೋಡುತ್ತಲೇ ಇದ್ದಳು. ಹೊರಗೆ ನಮ್ಮೂರಿನ ಬಸ್ಸು ಹಾರ್ನ್ ಹಾಕಿತು. ನಾನು ಅವಳ ಕೈ ಜಗ್ಗಿದೆ.

"ಹೋಗ್ಲಿ ಬುಡು, ಇನ್ನೊಂದು ಬತ್ತೈತೆ. ಎಷ್ಟು ಸಣ್ಣ ಚಕ್ರ ನೋಡವ್ವಾ. ನಂಗೂ ತೋರ್ಸಿದ್ರೆ ಅವ್ರ ಗಂಟೇನು ಹೋಗ್ತಿತ್ತು?" ಎನ್ನುತ್ತ ಗಾಜನ್ನು ನನ್ನ ಕಣ್ಣಿಗೆ ಹಿಡಿದಳು.

ಈಗ ಅಲ್ಲಿ ಮೊಬೈಲ್ ಅಂಗಡಿಯಿದೆ. ಮೇಜಿನ ಮೇಲೆ ಬಿಚ್ಚಿಟ್ಟ ಫೋನೊಂದು ಕಂಡಿತು. ಬಗ್ಗಿ ನೋಡುತ್ತ ನಿಂತುಬಿಟ್ಟೆ.